ಸಹಾಯ ಬೇಕು: ಪ್ರಿಂಟ್‌ಎಫ್ ಹಾಕಿದ ತಕ್ಷಣ ಮಾಯವಾಗುವ ಬಗ್

ಕೋಲಾರದ ಟೊಮೆಟೊ ಮಂಡಿಯೊಂದಕ್ಕೆ ಸಿ++ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೇನೆ. ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ಬೇರೆ ಕೆಲಸಗಳ ಜೊತೆಜೊತೆಗೇ ಓಡುವ ಭಾಗ) ತಕ್ಕಡಿಗೆ ಜೋಡಿಸಿದ ಸೀರಿಯಲ್ ಪೋರ್ಟ್‌ನಿಂದ ತೂಕ ಓದುತ್ತದೆ, ಇನ್ನೊಂದು ಬಿಲ್ ಹಾಕುತ್ತದೆ. ಹರಾಜು ಜೋರಾದಾಗ ಮಾತ್ರ ಹಿಂದಿನ ಬಾಕ್ಸಿನ ತೂಕವೇ ಮುಂದಿನ ರೈತರ ಬಿಲ್ಲಿಗೆ ಬಂದುಬಿಡುತ್ತದೆ. ದುಡ್ಡಿನ ವಿಷಯ, ಸುಮ್ನೆ ಬಿಡೋ ಹಾಗಿಲ್ಲ ಅಲ್ವಾ?

ಏನಾಗುತ್ತಿದೆ ನೋಡೋಣ ಎಂದು ಪ್ರಿಂಟ್‌ಎಫ್ (ಪರದೆಗೆ ಬರೆಯುವ ಸಾಲು) ಹಾಕಿದರೆ ಎಲ್ಲ ಸರಿ. ತೆಗೆದರೆ ಮತ್ತೆ ಶುರು. ತಪ್ಪು ಹುಡುಕುವ ಜಿಡಿಬಿ ಡಿಬಗರ್‌ನಲ್ಲಿ ಓಡಿಸಿದರೆ ಬಗ್ ಪೊಲೀಸರನ್ನು ಕಂಡ ಕಳ್ಳನ ಹಾಗೆ ಸಾಧುವಾಗುತ್ತದೆ. ಕಂಪೈಲರ್ ಕೋಡನ್ನು ವೇಗಗೊಳಿಸುವ ಆಪ್ಟಿಮೈಸೇಶನ್ ಅನ್ನು ಓ0 (ಅಂದರೆ ಆಫ್) ಇಟ್ಟರೆ ಬರುವುದಿಲ್ಲ, ಓ2ರಲ್ಲಿ ಬರುತ್ತದೆ. ತೂಕದ ವೇರಿಯಬಲ್‌ಗೆ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಎಂದು ಕಂಪೈಲರ್‌ಗೆ ಸೂಚನೆ) ಹಾಕಿ ನೋಡಿದೆ, ಕಡಿಮೆಯಾಯಿತು, ಹೋಗಲಿಲ್ಲ. ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರಿಂಡ್‌ನ ಮೆಮ್‌ಚೆಕ್ ಏನೂ ಹೇಳಲಿಲ್ಲ. ಅದು ರೇಸ್ (ಎರಡು ಥ್ರೆಡ್ ಒಂದೇ ಡೇಟಾಕ್ಕೆ ಒಟ್ಟಿಗೆ ಕೈಹಾಕುವ ತಪ್ಪು) ಹುಡುಕುವುದಿಲ್ಲ ಬಿಡಿ.

ನನಗೆ ರೇಸ್ ಕಂಡಿಷನ್ ಮೇಲೇ ಅನುಮಾನ. ಆದರೆ ರೇಸ್ ಹುಡುಕುವ ಥ್ರೆಡ್ ಸ್ಯಾನಿಟೈಸರ್ ಹಾಕಿದರೆ ಪ್ರೋಗ್ರಾಂ 5ರಿಂದ 15 ಪಟ್ಟು ನಿಧಾನ. ಅಷ್ಟು ನಿಧಾನವಾದರೂ ಅದು ಈ ರೇಸ್ ಹಿಡಿಯುತ್ತದಾ? ಇಲ್ಲ ಮೆಮೊರಿಯಲ್ಲೇ ಲಾಗ್ ಇಟ್ಟು ಆಮೇಲೆ ನೋಡುವುದು ವಾಸಿಯಾ?