ಅಪ್ಪನಿಗೆ ಮೂವರು ತಜ್ಞರಿದ್ದಾರೆ. ಫಿಸಿಷಿಯನ್ ಕೂಡ ಬೇಕೇ?

ಪ್ರಶ್ನೆ:
ನಮ್ಮ ತಂದೆಯವರಿಗೆ 72 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇದೆ, ನಾಲ್ಕು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದೆವು. ಹೃದ್ರೋಗ ತಜ್ಞರದೊಂದು ಚೀಟಿ, ಸಕ್ಕರೆ ಕಾಯಿಲೆಯ ತಜ್ಞರದೊಂದು, ಮಂಡಿನೋವಿಗೆ ಮೂಳೆ ತಜ್ಞರದೊಂದು. ಎಲ್ಲ ಸೇರಿ ದಿನಕ್ಕೆ 11 ಮಾತ್ರೆಗಳಾಗುತ್ತವೆ. ಒಂದು ತಿಂಗಳಿನಿಂದ ಪಾದ ಊದಿಕೊಳ್ಳುತ್ತಿದೆ, ಬೆಳಿಗ್ಗೆ ಏಳುವಾಗ ತಲೆ ಸುತ್ತುತ್ತದೆ ಎನ್ನುತ್ತಾರೆ. ಯಾರನ್ನು ಕೇಳಿದರೂ ಇನ್ನೊಬ್ಬರ ಬಳಿ ತೋರಿಸಿ ಎನ್ನುತ್ತಾರೆ. ಜನರಲ್ ಮೆಡಿಸಿನ್ ವೈದ್ಯರಿಗೆ ತೋರಿಸಿ ಎಂಬುದು ಪಕ್ಕದ ಮನೆಯವರ ಸಲಹೆ. ಇಷ್ಟು ತಜ್ಞರಿರುವಾಗ ಅವರು ಹೊಸದಾಗಿ ಏನು ಮಾಡಬಲ್ಲರು?

ಉತ್ತರ 1 (ಜಿಲ್ಲಾ ಆಸ್ಪತ್ರೆಯ ಫಿಸಿಷಿಯನ್):
'ಜನರಲ್' ಎಂಬ ಪದದಿಂದಲೇ ಅರ್ಧ ಗೊಂದಲ ಹುಟ್ಟಿದೆ. ಜನರಲ್ ಮೆಡಿಸಿನ್ ವೈದ್ಯರು, ಅಂದರೆ ಫಿಸಿಷಿಯನ್, ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಈ ವಿಷಯದಲ್ಲಿ ಎಂ.ಡಿ. ಮಾಡಿದವರು, ಹೃದ್ರೋಗದಲ್ಲಿ ಡಿ.ಎಂ. ಎಂಬ ಮುಂದಿನ ಪದವಿ ಮಾಡುವವರಲ್ಲಿ ಬಹುಪಾಲು ಜನ ಮೊದಲು ಓದುವುದು ಇದನ್ನೇ. ತಂದೆಯವರನ್ನು ನೋಡದೆ ರೋಗನಿರ್ಣಯ ಮಾಡಲಾರೆ, ಆದರೆ ಅವರು ನನ್ನ ಮುಂದೆ ಕುಳಿತರೆ ಏನು ಮಾಡುತ್ತೇನೆಂದು ಹೇಳಬಲ್ಲೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಚೀಟಿಯಿಲ್ಲದೆ ಕೊಂಡವುಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ತರಲು ಹೇಳುತ್ತೇನೆ. ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿ, ಅನಂತರ ನಿಲ್ಲಿಸಿ ಒಂದನೆಯ ಹಾಗೂ ಮೂರನೆಯ ನಿಮಿಷದಲ್ಲಿ ಮತ್ತೆ ನೋಡುತ್ತೇನೆ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ತಲೆಸುತ್ತಿಗೆ ಕಾರಣ ಅಲ್ಲೇ ಸಿಗಬಹುದು. ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ಗುಳಿ ಬೀಳುತ್ತದೆಯೇ, ಕತ್ತಿನ ರಕ್ತನಾಳ ಉಬ್ಬಿದೆಯೇ ಎಂದು ಪರೀಕ್ಷಿಸುತ್ತೇನೆ. ಊತಕ್ಕೆ ಹೃದಯವೇ ಕಾರಣವಾಗಿರಬೇಕೆಂದಿಲ್ಲ. ಆಮ್ಲೊಡಿಪಿನ್ ಎಂಬ ಬಿ.ಪಿ. ಮಾತ್ರೆಯಿಂದಲೂ ಪಾದ ಊದುತ್ತದೆ. ನೋವಿನ ಮಾತ್ರೆ, ಕೆಲವು ಬಗೆಯ ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಈ ಮೂರೂ ಜೊತೆಗೂಡಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಆಗ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಪ್ರಮಾಣವನ್ನೂ ಮತ್ತೆ ನಿರ್ಧರಿಸಬೇಕಾಗುತ್ತದೆ. ಮೂರು ಚೀಟಿಗಳೂ ಬಿಡಿಬಿಡಿಯಾಗಿ ಸರಿಯೇ ಇರಬಹುದು, ಆದರೆ ಅವುಗಳನ್ನು ಒಟ್ಟಿಗಿಟ್ಟು ಓದುವವರು ಬೇಕು. ದಯವಿಟ್ಟು ಯಾವ ಮಾತ್ರೆಯನ್ನೂ, ವಿಶೇಷವಾಗಿ ಸ್ಟೆಂಟ್ ನಂತರ ಕೊಟ್ಟಿರುವುದನ್ನು, ನೀವಾಗಿಯೇ ನಿಲ್ಲಿಸಬೇಡಿ. ಉಸಿರಾಟಕ್ಕೆ ಕಷ್ಟವಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

ಉತ್ತರ 2:
ನನ್ನ ಮಗಳಿಗೆ ಡೆಂಗಿ ಬಂದಾಗಿನ ಮಾತು. ಐದನೆಯ ದಿನ ಜ್ವರ ಇಳಿದದ್ದರಿಂದ ಮನೆಗೆ ಹೊರಡಲು ಬಟ್ಟೆ ಜೋಡಿಸಿಕೊಳ್ಳುತ್ತಿದ್ದೆವು. ಸಂಜೆಯ ರೌಂಡ್ಸ್‌ಗೆ ಬಂದ ಫಿಸಿಷಿಯನ್ ರಿಪೋರ್ಟ್ ನೋಡುವ ಮೊದಲೇ ಅವಳ ಪಾದ ಮುಟ್ಟಿದರು. ತಣ್ಣಗಿತ್ತು. ನಾಡಿ ಹಿಡಿದು ಹಾಗೆಯೇ ನಿಂತರು, ಹೊಟ್ಟೆ ನೋಯುತ್ತದೆಯೇ ಎಂದು ಕೇಳಿದರು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು ಎಂದು ವಿವರಿಸಿ, ಡ್ರಿಪ್ ಹಾಕಿಸಿ, ರಾತ್ರಿ ಎರಡು ಸಲ ಬಂದು ನೋಡಿದರು. ಆ ಕೈ ಅವಳ ಪಾದದ ಮೇಲಿದ್ದುದನ್ನು ನಾನು ಮರೆಯಲಾರೆ.

ಉತ್ತರ 3 (ಅಮೆರಿಕದಲ್ಲಿರುವ ನರ್ಸ್):
ಇಲ್ಲಿ ಜನರಲ್ ಮೆಡಿಸಿನ್ ವೈದ್ಯರನ್ನು ಇಂಟರ್ನಿಸ್ಟ್ ಎನ್ನುತ್ತಾರೆ. ದಾಖಲಾದ ರೋಗಿಗಳನ್ನಷ್ಟೇ ನೋಡಿಕೊಳ್ಳುವವರಿಗೆ 1996ರಿಂದ ಹಾಸ್ಪಿಟಲಿಸ್ಟ್ ಎಂಬ ಹೆಸರು ಬಂದಿದೆ. ಹೊರರೋಗಿ ವಿಭಾಗದ ವೈದ್ಯರ ದಿನವನ್ನು ಅಳೆದ ಇಲ್ಲಿನ 2016ರ ಅಧ್ಯಯನವೊಂದರಲ್ಲಿ, ರೋಗಿಯೊಡನೆ ನೇರವಾಗಿ ಕಳೆದ ಸಮಯ ಶೇ. 27ರಷ್ಟಾದರೆ ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸ ಸುಮಾರು ಶೇ. 49ರಷ್ಟಿತ್ತು. ಅದನ್ನು ದಿನವೂ ಕಣ್ಣಾರೆ ಕಾಣುತ್ತೇನೆ, ನೋವಾಗುತ್ತದೆ. ಆದ್ದರಿಂದ ಹೆಸರಾಂತ ಆಸ್ಪತ್ರೆಗಿಂತ, ತಂದೆಯವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ವೈದ್ಯರನ್ನು ಹುಡುಕಿ, ಪ್ರತಿ ಬಾರಿಯೂ ಅವರಿಗೇ ತೋರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಚೀಲ ತುಂಬಿಸುವಾಗ ಅಮ್ಮ ದೇವರ ಮನೆಯ ಕಪಾಟಿನಿಂದ ಇನ್ನೊಂದು ನೋವಿನ ಮಾತ್ರೆಯ ಸ್ಟ್ರಿಪ್ ತಂದಿಟ್ಟರು. ಅಪ್ಪ ಅದನ್ನು ಮೆಡಿಕಲ್ ಶಾಪಿನಲ್ಲಿ ತಾವೇ ಕೊಂಡು ದಿನವೂ ನುಂಗುತ್ತಿದ್ದರಂತೆ. ನಾಳೆ ಬೆಳಿಗ್ಗೆಯೇ ಫಿಸಿಷಿಯನ್ ಬಳಿ ಹೊರಟಿದ್ದೇವೆ.