ಭಾನುವಾರದ ಪ್ರಶ್ನೋತ್ತರ: ಗೆಲುವು–ಸೋಲಿನ ಲೆಕ್ಕ ನೋಡಿ ಬಾಕ್ಸರ್‌ನನ್ನು ಅಳೆಯಬಹುದೇ?

(ಮಂಗಳೂರು–ಉಡುಪಿಯ ಬಾಕ್ಸಿಂಗ್ ಆಸಕ್ತರ ಗುಂಪು. ಉತ್ತರಿಸುವವರು ಮಂಗಳೂರಿನಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸುವ, ಕೂಟಗಳಲ್ಲಿ ರೆಫರಿಯಾಗಿಯೂ ನಿಲ್ಲುವ ಕೋಚ್. ಸದಸ್ಯರನ್ನು ಊರಿನ ಹೆಸರಿನಲ್ಲಿ ಗುರುತಿಸಲಾಗಿದೆ.)

ಸುರತ್ಕಲ್: ಸರ್, ಮೇವೆದರ್ ಐವತ್ತಕ್ಕೆ ಐವತ್ತು ಗೆದ್ದವನು. ಮಹಮ್ಮದ್ ಅಲಿ ಐದು ಸಲ ಸೋತವನು. ಹಾಗಾದರೆ ದೊಡ್ಡವನು ಯಾರು? ಲೆಕ್ಕ ಸುಳ್ಳು ಹೇಳುವುದಿಲ್ಲವಲ್ಲ?

ಕೋಚ್: ಸುಳ್ಳು ಹೇಳುವುದಿಲ್ಲ, ಅರ್ಧ ಹೇಳಿ ಸುಮ್ಮನಾಗುತ್ತದೆ. ಮೇವೆದರ್‌ನ ಐವತ್ತನೆಯ ಗೆಲುವು 2017ರ ಆಗಸ್ಟ್‌ನಲ್ಲಿ ಕಾನರ್ ಮೆಕ್‌ಗ್ರೆಗರ್ ವಿರುದ್ಧ ಬಂದದ್ದು. ಮೆಕ್‌ಗ್ರೆಗರ್‌ಗೆ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅದೇ ಮೊದಲ ಪಂದ್ಯ. ಅಲಿಯ ಐದು ಸೋಲುಗಳಲ್ಲಿ ಮೂರು 1978ರಿಂದ 1981ರ ನಡುವಿನವು, ಕಾಲಿನ ಚುರುಕು ಹೋದ ಮೇಲೆ ಬಂದವು. ಮೇವೆದರ್ ಅಸಾಧಾರಣ ಆಟಗಾರ, ಅದರಲ್ಲಿ ತಕರಾರಿಲ್ಲ. ಆದರೆ ಅದಕ್ಕೆ ಸಾಕ್ಷಿ ಐವತ್ತು ಎಂಬ ಅಂಕಿಯಲ್ಲ, ಅವನು ಸೋಲಿಸಿದವರ ಹೆಸರುಗಳು.

ಕದ್ರಿ: ಖಬೀಬ್ ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು. ಅವನು ಮೇವೆದರ್‌ಗಿಂತ ಮೇಲಲ್ಲವೇ ಸರ್?

ಕೋಚ್: ಅವನದು ಎಂಎಂಎ, ಗುದ್ದಿನ ಜೊತೆ ಒದೆ, ಕುಸ್ತಿಯೂ ಇರುವ ಬೇರೆ ಆಟ. ಉಳಿದದ್ದಕ್ಕೆ ಮೇಲಿನ ಉತ್ತರ ಓದಿ.

ಕಾರ್ಕಳ: ನಮಸ್ಕಾರ ಸರ್. ಮಗಳಿಗೆ ಒಂದು ಕೂಟದಲ್ಲಿ ಚಿನ್ನ, ಇನ್ನೊಂದರಲ್ಲಿ ಬೆಳ್ಳಿ ಬಂದಿದೆ. ಇದನ್ನು ನಂಬಿ ಮುಂದಕ್ಕೆ ಕಳುಹಿಸಬಹುದೇ?

ಕೋಚ್: ಅವಳ ತೂಕದಲ್ಲಿ ಎಷ್ಟು ಮಂದಿ ಇದ್ದರು? ಸಣ್ಣ ಕೂಟಗಳಲ್ಲಿ ಹುಡುಗಿಯರ ವಿಭಾಗದಲ್ಲಿ ಕೆಲವೊಮ್ಮೆ ಇಬ್ಬರೇ ಇರುತ್ತಾರೆ. ಆಗ ಆಡಿದ ಒಂದೇ ಪಂದ್ಯ ಸೋತರೂ ಬೆಳ್ಳಿ. ಎದುರಾಳಿ ಬಾರದಿದ್ದರೆ ಬೆವರು ಸುರಿಸದೆಯೂ ಚಿನ್ನ. ಪ್ರಮಾಣಪತ್ರದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಮುಂದಿನ ಸಲ ಡ್ರಾ ಪಟ್ಟಿಯ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಮಾತನಾಡೋಣ.

ಮಲ್ಪೆ: ಸರ್, ಒಂಬತ್ತು ವರ್ಷದ ಮಗುವನ್ನು ಬಾಕ್ಸಿಂಗ್‌ಗೆ ಸೇರಿಸಬಹುದೇ?

ಕುಂದಾಪುರ: ಸರ್, ನನ್ನ ತಮ್ಮನಿಗೆ 21 ವರ್ಷ. ಕಿಕ್‌ಬಾಕ್ಸಿಂಗ್‌ನಲ್ಲಿ ಆರು ಪಂದ್ಯ ಆಡಿ ಆರನ್ನೂ ಮೊದಲ ಸುತ್ತಿನಲ್ಲೇ ಗೆದ್ದಿದ್ದಾನೆ. ಮುಂದಿನ ತಿಂಗಳು ಹಣ ಕೊಡುವ ಪಂದ್ಯವೊಂದಕ್ಕೆ ಕರೆದಿದ್ದಾರೆ. ಎದುರಾಳಿ ಮೂರು ಗೆದ್ದು ಒಂಬತ್ತು ಸೋತವನು. ‘ಸುಲಭದ ತುತ್ತು’ ಎನ್ನುತ್ತಾನೆ ತಮ್ಮ. ಅಮ್ಮನಿಗೆ ಹೆದರಿಕೆ. ಏನು ಹೇಳಲಿ?

ಕೋಚ್: ಆ ಒಂಬತ್ತು ಸೋಲು ಹೇಗೆ ಬಂದವು? ಎಲ್ಲಿ?

ಕುಂದಾಪುರ: ಕೇಳಿ ತಿಳಿದುಕೊಂಡೆ. ಎಂಟು ಸೋಲು ತೀರ್ಪುಗಾರರ ಅಂಕದ ಮೇಲೆ. ಒಂದು ಹುಬ್ಬು ಒಡೆದು ನಿಲ್ಲಿಸಿದ್ದು. ಹೆಚ್ಚಿನವು ಅವನನ್ನು ಸೋಲಿಸಿದವರ ಊರಿನಲ್ಲೇ.

ಕೋಚ್: ಹಾಗಾದರೆ ಇದು ಸುಲಭದ ತುತ್ತಲ್ಲ. ಎಂಟು ಸಲ ಕೊನೆಯ ಗಂಟೆಯವರೆಗೂ ನಿಂತವನು, ಪರವೂರಿನಲ್ಲಿ, ತೀರ್ಪುಗಾರರೂ ಜನರೂ ಆಚೆ ಕಡೆಯವರಾಗಿರುವಾಗ. ಊರಿನ ಹುಡುಗನ ಲೆಕ್ಕ ಬೆಳೆಸಲು ಆಯೋಜಕರು ಇಂಥವರನ್ನು ಹುಡುಕಿ ಕರೆಸುತ್ತಾರೆ. ಬ್ರಿಟನ್‌ನ ಪೀಟರ್ ಬಕ್ಲಿ 300 ಪಂದ್ಯ ಆಡಿ 256 ಸೋತು 2008ರಲ್ಲಿ ನಿವೃತ್ತನಾದ. ಹೊಡೆತ ತಪ್ಪಿಸುವ ವಿದ್ಯೆ ಗೊತ್ತಿಲ್ಲದವನು ಮುನ್ನೂರು ಪಂದ್ಯ ಆಡುವುದು ಸಾಧ್ಯವೇ? ಲೊಮಚೆಂಕೊ ಎರಡು ಒಲಿಂಪಿಕ್ ಚಿನ್ನ ಗೆದ್ದು ಬಂದವನು. 2014ರ ಮಾರ್ಚ್‌ನಲ್ಲಿ, ತನ್ನ ಎರಡನೆಯ ವೃತ್ತಿಪರ ಪಂದ್ಯದಲ್ಲಿ, ಅದಾಗಲೇ ಹನ್ನೆರಡು ಸಲ ಸೋತಿದ್ದ ಒರ್ಲಾಂಡೊ ಸಲಿಡೊ ಕೈಯಲ್ಲಿ ಸೋತ. ಸಲಿಡೊ ನಿಗದಿತ ತೂಕ ಮೀರಿ ಬಂದಿದ್ದ. ಆದರೆ ದಾಖಲೆಯಲ್ಲಿ ಆ ತೂಕದ ಮಾತು ಬರುವುದಿಲ್ಲ, ಸೋಲು ಎಂದಷ್ಟೇ ಇರುತ್ತದೆ. ನಮ್ಮ ಪಕ್ಕದ ಗೋವಾದಲ್ಲೇ 2021ರ ಮಾರ್ಚ್‌ನಲ್ಲಿ ವಿಜೇಂದರ್ ಸಿಂಗ್ ಸೋತರು. ಅದಕ್ಕೆ ಮೊದಲು ಹನ್ನೆರಡಕ್ಕೆ ಹನ್ನೆರಡು.

ಸೋಲಿನ ಲೆಕ್ಕದಲ್ಲಿ ನಾನು ಹೆದರುವುದು ಒಂದಕ್ಕೇ: ತಲೆಗೆ ಪೆಟ್ಟು ಬಿದ್ದು ನಿಂತ ಪಂದ್ಯಗಳು ಸಾಲಾಗಿ ಬಂದಿದ್ದರೆ ಅದು ನಿಜವನ್ನೇ ಹೇಳುತ್ತದೆ. ಈ ಎದುರಾಳಿಗೆ ಅದು ಒಂದೂ ಇಲ್ಲ. ನಿಮ್ಮ ತಮ್ಮ ಎರಡನೆಯ ಸುತ್ತನ್ನೇ ಕಂಡವನಲ್ಲ. ಉಸಿರು ಕಟ್ಟಿದಾಗ ಕೈ ಕೆಳಗಿಳಿಯುತ್ತದೋ ಇಲ್ಲವೋ ಎಂಬುದು ಅವನಿಗೇ ಗೊತ್ತಿಲ್ಲ. ಅವನು ಸೋಲಿಸಿದ ಆ ಆರು ಮಂದಿ ಯಾರು?

ಕುಂದಾಪುರ: ಮೂವರಿಗೆ ಅದು ಮೊದಲ ಪಂದ್ಯ. ಇಬ್ಬರು ಅವನ ಜಿಮ್‌ನವರೇ. ಇನ್ನೊಬ್ಬನ ಬಗ್ಗೆ ಗೊತ್ತಿಲ್ಲ. ಸರ್, ಇನ್ನೊಂದು ವಿಷಯ. ಹತ್ತು ದಿನದ ಹಿಂದೆ ಅಭ್ಯಾಸದಲ್ಲಿ ತಲೆಗೆ ಒದೆ ಬಿದ್ದಿತ್ತು. ಆಗಿನಿಂದ ತಲೆನೋವು ಹೋಗಿಲ್ಲ, ನಿನ್ನೆಯಿಂದ ಜಾಸ್ತಿಯಾಗಿದೆ. ಬೆಳಿಗ್ಗೆ ವಾಂತಿಯಾಯಿತು. ಪಿತ್ತ ಇರಬೇಕೆಂದು ಅಮ್ಮ ಜೀರಿಗೆ ಕಷಾಯ ಕೊಟ್ಟಿದ್ದಾರೆ.

ಕೋಚ್: ಇದನ್ನು ಮೊದಲೇ ಹೇಳಬೇಕಿತ್ತು. ಲೆಕ್ಕ, ಎದುರಾಳಿ, ಪಂದ್ಯ ಎಲ್ಲವನ್ನೂ ಬಿಡಿ. ಈಗಲೇ ಅವನನ್ನು ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ನಾಳೆ ಅಲ್ಲ. ಅವನು ಬೈಕ್ ಓಡಿಸಬಾರದು, ಒಬ್ಬನೇ ಹೋಗಬಾರದು. ನೋವಿನ ಮಾತ್ರೆಯನ್ನು ನೀವಾಗಿ ಕೊಡಬೇಡಿ. ಒದೆ ಬಿದ್ದ ದಿನ, ಹೊತ್ತು, ಪ್ರಜ್ಞೆ ತಪ್ಪಿತ್ತೇ ಎಂಬುದನ್ನು ಬರೆದುಕೊಂಡು ಹೋಗಿ ವೈದ್ಯರಿಗೆ ಹೇಳಿ. ದಾರಿಯಲ್ಲಿ ಮಂಪರು, ತೊದಲು ಮಾತು, ಒಂದು ಕಡೆಯ ಕೈಕಾಲಿನಲ್ಲಿ ಶಕ್ತಿ ಕುಂದುವುದು, ಎರಡು ಕಣ್ಣಿನ ಪಾಪೆ ಒಂದೇ ಸಮ ಇಲ್ಲದಿರುವುದು ಕಂಡರೆ 108ಕ್ಕೆ ಕರೆ ಮಾಡಿ. ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಸೇರಿಕೊಂಡು ದಿನಗಳ ನಂತರ ತೊಂದರೆ ಕೊಡುವುದುಂಟು. ನಾನು ವೈದ್ಯನಲ್ಲ, ಅದಕ್ಕೇ ಅವರ ಬಳಿಗೆ ಕಳುಹಿಸುತ್ತಿದ್ದೇನೆ.

ಪಡುಬಿದ್ರಿ: ಹೆದರಬೇಡಿ ಅಕ್ಕ. ಈ ಫಾರ್ವರ್ಡ್ ನೋಡಿ: ‘ತಿಮರೆ (ಒಂದೆಲಗ) ಚಟ್ನಿ ಏಳು ದಿನ ಬರಿಹೊಟ್ಟೆಗೆ ತಿಂದರೆ ಮಿದುಳಿನ ಪೆಟ್ಟು ಮಾಯ.’ ನಮ್ಮ ಅಜ್ಜಿಯೂ ಹೇಳುತ್ತಿದ್ದರು.

ಕೋಚ್: ತಿಮರೆ ಚಟ್ನಿ ಗಂಜಿಗೆ ಒಳ್ಳೆಯದು. ಮನೆಯಲ್ಲಿ ಮಾಡಿಕೊಂಡು ತಿನ್ನಿ, ಇಲ್ಲಿ ಹಾಕಬೇಡಿ. ಆ ಹುಡುಗ ಇವತ್ತು ಆಸ್ಪತ್ರೆಗೆ ಹೋಗದಿದ್ದರೆ ನಿಮ್ಮ ಫಾರ್ವರ್ಡ್ ಹೊಣೆ ಹೊರುತ್ತದೆಯೇ? 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ಮೈಸೂರಿನ 23 ವರ್ಷದ ಯುವಕ ತೀರಿಕೊಂಡದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು.

ಪಡುಬಿದ್ರಿ: ಒಳ್ಳೆಯದಕ್ಕೆ ಹೇಳಿದ್ದು ಸರ್. ಆಯುರ್ವೇದವನ್ನು ಹೀಗಳೆಯಬೇಡಿ.

ಕೋಚ್: ಆಯುರ್ವೇದದ ವೈದ್ಯರನ್ನೇ ಕೇಳಿ. ಅವರೂ ಸ್ಕ್ಯಾನ್‌ಗೇ ಕಳುಹಿಸುತ್ತಾರೆ.

ಮಲ್ಪೆ: ಒಂಬತ್ತು ವರ್ಷದ ಮಗುವಿನ ಬಗ್ಗೆ ಕೇಳಿದ್ದೆ ಸರ್.

ಕಾರ್ಕಳ: ನಮ್ಮ ಕಂಬಳವೇ ವಾಸಿ. ಎದುರಾಳಿ ಯಾರೆಂಬ ರಗಳೆಯಿಲ್ಲ, ಸೆಕೆಂಡಿನ ಲೆಕ್ಕ ಕಣ್ಣ ಮುಂದೆಯೇ ಇದೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡಿಸುವ ಕೆಸರಿನ ಓಟದ ದಾರಿ) 13.62 ಸೆಕೆಂಡಿನಲ್ಲಿ ಮುಗಿಸಿದರು. ಬೋಲ್ಟ್‌ಗಿಂತ ವೇಗ.

ಕದ್ರಿ: ಬೋಲ್ಟ್‌ನನ್ನು ಮುಂದಿನಿಂದ ಕೋಣಗಳು ಎಳೆಯುತ್ತಿರಲಿಲ್ಲ ಮಾರಾಯರೇ.

ಕಾರ್ಕಳ: ಕೆಸರುಗದ್ದೆಯಲ್ಲಿ ಬರಿಗಾಲಿನಲ್ಲಿ ನೀವು ಒಮ್ಮೆ ಓಡಿ ತೋರಿಸಿ.

ಕದ್ರಿ: ನಾನು ಓಡುವುದು ಬೇಡ. 142.5 ಮೀಟರ್‌ನ ಸಮಯವನ್ನು ಭಾಗಿಸಿ ನೂರು ಮೀಟರ್‌ಗೆ 9.55 ಎಂದು ಹೇಳಿದರು. ನಿಂತಲ್ಲಿಂದ ವೇಗ ಹಿಡಿಯುವ ಹೊತ್ತು ಅದರಲ್ಲಿ ಎಲ್ಲಿ ಹೋಯಿತು? ಇದೂ ಅರ್ಧ ಲೆಕ್ಕವೇ.

ಸುರತ್ಕಲ್: ಖಬೀಬ್‌ನ ಅಭಿಮಾನಿಗಳು ಲೆಕ್ಕದ ಪಾಠ ಹೇಳುವ ಕಾಲ ಬಂತು.

ಕದ್ರಿ: ನೀವು ಐವತ್ತರ ಜಪ ಬಿಡಿ, ಆಮೇಲೆ ಮಾತನಾಡಿ.

ಪಡುಬಿದ್ರಿ: ತೂಕ ಇಳಿಸುವ ಒಂದು ಒಳ್ಳೆಯ ಫಾರ್ವರ್ಡ್ ಇದೆ, ಹಾಕಲೇ? ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಮಧ್ಯಾಹ್ನ ಓಡುವುದು.

ಕೋಚ್: ಬೇಡ. ಈ ಸೆಕೆಯಲ್ಲಿ ಹಾಗೆ ಓಡಿದವನು ತೂಕದ ಯಂತ್ರದ ಮೇಲೆ ಗೆದ್ದು ರಿಂಗ್‌ನಲ್ಲಿ ಕುಸಿಯುತ್ತಾನೆ, ರಿಂಗ್‌ವರೆಗೆ ಬಂದರೆ. ನೀರು ಕಳೆದುಕೊಂಡ ದೇಹದ ತಲೆಗೆ ಪೆಟ್ಟು ಬೀಳುವುದು ಇನ್ನೂ ಅಪಾಯ. ಎರಡು ಫಾರ್ವರ್ಡ್ ಆಯಿತು, ಮೂರನೆಯದು ಬೇಡ.

ಮೂಡುಬಿದಿರೆ: ಸರ್, ತಡವಾಗಿ ಸೇರಿದೆ. ಮೇವೆದರ್ ದೊಡ್ಡವನೋ ಅಲಿಯೋ?

ಕೋಚ್: ಮೇಲೆ ಓದಿ.

ಕುಂದಾಪುರ: ಸರ್, ಮಣಿಪಾಲದಿಂದ ಬರೆಯುತ್ತಿದ್ದೇನೆ. ಸ್ಕ್ಯಾನ್ ಆಯಿತು. ರಕ್ತಸ್ರಾವ ಇಲ್ಲ, ಮಿದುಳಿಗೆ ಪೆಟ್ಟಾಗಿದೆ ಎಂದರು. ಇವತ್ತು ರಾತ್ರಿ ಇರಿಸಿಕೊಳ್ಳುತ್ತಾರೆ. ಒದೆ, ಗುದ್ದು, ಓಟ ಯಾವುದೂ ಸದ್ಯಕ್ಕೆ ಬೇಡ, ಮತ್ತೆ ಪರೀಕ್ಷಿಸದೆ ಅಭ್ಯಾಸಕ್ಕೆ ಹೋಗಕೂಡದು ಎಂದಿದ್ದಾರೆ. ಆಯೋಜಕರಿಗೆ ಫೋನ್ ಮಾಡಿದರೆ, ಈಗ ಹಿಂದೆ ಸರಿದರೆ ದಾಖಲೆಯಲ್ಲಿ ಸೋಲು ಬರೆಸುತ್ತೇನೆ ಎನ್ನುತ್ತಾರೆ. ತಮ್ಮ ಅಳುತ್ತಿದ್ದಾನೆ.

ಕೋಚ್: ಸರಿಯಾದ ಕೆಲಸ ಮಾಡಿದಿರಿ. ಗಂಟೆಯೇ ಬಾರಿಸದ ವೃತ್ತಿಪರ ಪಂದ್ಯಕ್ಕೆ ಸೋಲು ಬರೆಯುವ ಪದ್ಧತಿ ಇಲ್ಲ, ಅವರು ಹೆದರಿಸುತ್ತಿದ್ದಾರೆ. ಬರೆದರೆ ಬರೆಯಲಿ. ವೈದ್ಯರ ಚೀಟಿಯ ಫೋಟೋ ಅವರಿಗೆ ಕಳುಹಿಸಿ, ಬೇರೆ ಮಾತು ಬೇಡ. ತಮ್ಮನಿಗೆ ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ನನ್ನ ಬಳಿಗೆ ಬರಲು ಹೇಳಿ. ಮೊದಲು ಮೂರು ಸುತ್ತು ಉಸಿರು ಉಳಿಸಿಕೊಳ್ಳುವುದನ್ನು ಕಲಿಯಲಿ.

ಸುರತ್ಕಲ್: ಅಂದರೆ ಆರಕ್ಕೆ ಆರು ಹಾಗೆಯೇ ಉಳಿಯಿತು. ಒಳ್ಳೆಯದಾಯಿತು.

ಕೋಚ್: ಅಡ್ಮಿನ್, ಇವರನ್ನು ಒಂದು ವಾರ ಹೊರಗಿಡಿ.