ಮರುಬಳಕೆಗೆ ಹಾಕಿದ ಬಾಟಲಿಯಿಂದಲೂ ಹಾನಿಯಿದೆಯೇ?

ಪ್ರಶ್ನೆ

ನೀರಿನ ಬಾಟಲಿಯ ತಳದಲ್ಲಿ ಮೂರು ಬಾಣಗಳ ತ್ರಿಕೋನವೂ ಅದರ ನಡುವೆ 1 ಎಂಬ ಅಂಕಿಯೂ ಇರುತ್ತವೆ. ಅದನ್ನು ನೋಡಿ, ಇದು ಹೇಗೂ ಮರುಬಳಕೆಯಾಗುವ ವಸ್ತು ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತ ಬಂದಿದ್ದೇನೆ. ಖಾಲಿ ಬಾಟಲಿಯನ್ನು ತಪ್ಪದೆ ಒಣಕಸದಲ್ಲೇ ಹಾಕುತ್ತೇನೆ. ಹಾಗಾದರೆ ಬಳಸಿ ಬಿಸಾಡುವ ಬಾಟಲಿಯಿಂದ ಪರಿಸರ ಕೆಡುತ್ತದೆ ಎಂಬ ಮಾತು ಕಸವನ್ನು ಕಂಡಕಂಡಲ್ಲಿ ಎಸೆಯುವವರಿಗೆ ಮಾತ್ರ ಅನ್ವಯಿಸುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಆ ಅಂಕಿ ಪ್ಲಾಸ್ಟಿಕ್ ಯಾವ ಬಗೆಯದು ಎಂಬುದನ್ನಷ್ಟೇ ಹೇಳುತ್ತದೆ. 1 ಎಂದರೆ ಪೆಟ್, ಅಂದರೆ ಪಾಲಿಎಥಿಲೀನ್ ಟೆರೆಫ್ತಾಲೇಟ್. ವಿಂಗಡಣೆಗೆ ಅನುಕೂಲವಾಗಲೆಂದು 1988ರಲ್ಲಿ ಪ್ಲಾಸ್ಟಿಕ್ ಉದ್ಯಮವೇ ತಂದ ಗುರುತು ಅದು. ಬಾಟಲಿ ಮರಳಿ ಬಾಟಲಿಯೇ ಆಗುತ್ತದೆ ಎಂಬ ಭರವಸೆಯಲ್ಲ.

ಮರುಬಳಕೆಯ ಘಟಕದಲ್ಲಿ ಬಾಟಲಿಗಳನ್ನು ಸಣ್ಣ ಚೂರುಗಳಾಗಿ ಕತ್ತರಿಸಿ ನೀರಿಗೆ ಬಿಡುತ್ತಾರೆ. ಪೆಟ್ ನೀರಿಗಿಂತ ಭಾರವಾದ್ದರಿಂದ ಮುಳುಗುತ್ತದೆ, ಬೇರೆ ಪ್ಲಾಸ್ಟಿಕ್ಕಿನಿಂದಾದ ಮುಚ್ಚಳದ ಚೂರು ತೇಲುತ್ತದೆ. ಇಷ್ಟರಮಟ್ಟಿಗೆ ಕೆಲಸ ಸುಲಭ. ತೊಡಕಿರುವುದು ಪಿವಿಸಿ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನಲ್ಲಿ. ಅದೂ ಪೆಟ್ ಜೊತೆಗೇ ಮುಳುಗುವುದರಿಂದ ಹೀಗೆ ಬೇರ್ಪಡುವುದಿಲ್ಲ, ಮತ್ತು ಪೆಟ್ ಕರಗುವ ಶಾಖದಲ್ಲಿ ಅದರಿಂದ ಹೊರಬರುವ ಹೈಡ್ರೋಕ್ಲೋರಿಕ್ ಆಮ್ಲವು ಪೆಟ್‌ನ ಅಣುಸರಪಳಿಯನ್ನು ತುಂಡರಿಸುತ್ತದೆ. ಚೂರುಗಳಲ್ಲಿ ತೇವ ಉಳಿದರೂ ಇದೇ ಗತಿ. ಹೀಗೆ ಗುಣ ಕುಂದಿದ ಪೆಟ್‌ನ ದೊಡ್ಡ ಪಾಲು ಬಟ್ಟೆಯ ನೂಲಾಗಿಯೋ ದಿಂಬಿನ ತುಂಬುವಿಕೆಯಾಗಿಯೋ ಮಾರ್ಪಡುತ್ತದೆ, ಅಲ್ಲಿಂದ ಅದನ್ನು ಮತ್ತೆ ಬಿಡಿಸಿ ತೆಗೆಯುವುದು ಬಹಳ ಕಷ್ಟ.

2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2015ರವರೆಗೆ ಜಗತ್ತಿನಲ್ಲಿ ಉಂಟಾದ ಸುಮಾರು 630 ಕೋಟಿ ಟನ್ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಶೇ. 9 ಮಾತ್ರ. ಇದು ಎಲ್ಲ ಬಗೆಯ ಪ್ಲಾಸ್ಟಿಕ್ ಸೇರಿದ ಲೆಕ್ಕ. ಬಾಟಲಿಗಳ ಸ್ಥಿತಿ ಇದಕ್ಕಿಂತ ಉತ್ತಮವೆಂಬುದನ್ನೂ ಹೇಳದಿದ್ದರೆ ನ್ಯಾಯವಾಗದು.

ಉತ್ತರ 2

ಮೇಲಿನವರ ಮಾತು ಸರಿ, ಆದರೆ ಹಾನಿಯ ಹೆಚ್ಚಿನ ಭಾಗ ಬಾಟಲಿಯು ಕಸದ ಬುಟ್ಟಿಗೆ ಬೀಳುವ ಮೊದಲೇ ಆಗಿಹೋಗಿರುತ್ತದೆ. ಪೆಟ್‌ನ ಮೂಲದ್ರವ್ಯಗಳು ಬಹುಪಾಲು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲದಿಂದ ಬರುತ್ತವೆ. ಬಳಿಕ ಬಾಟಲಿಯನ್ನು ಊದಿ ರೂಪಿಸಿ, ನೀರು ತುಂಬಿ, ದೂರಕ್ಕೆ ಸಾಗಿಸಿ, ಎಷ್ಟೋ ಕಡೆ ತಣ್ಣಗಿಡಬೇಕು. ಜಲ ಸಂಶೋಧಕರಾದ ಪೀಟರ್ ಗ್ಲೀಕ್ ಮತ್ತು ಹೆದರ್ ಕೂಲಿ 2009ರಲ್ಲಿ ಮಾಡಿದ ಅಂದಾಜಿನಂತೆ, ಬಾಟಲಿ ನೀರಿಗೆ ತಗಲುವ ಶಕ್ತಿಯು ನಲ್ಲಿ ನೀರಿನದಕ್ಕಿಂತ 2000 ಪಟ್ಟಿನವರೆಗೂ ಹೆಚ್ಚಿರಬಹುದು. ಒಣಕಸದಲ್ಲಿ ಹಾಕುವುದರಿಂದ ಈ ಶಕ್ತಿಯ ಅಲ್ಪ ಭಾಗವಷ್ಟೇ ಉಳಿತಾಯವಾಗುತ್ತದೆ. ಪ್ಲಾಸ್ಟಿಕ್ಕಿನ ಬದಲು ಒಮ್ಮೆ ಬಳಸಿ ಎಸೆಯುವ ಗಾಜಿನ ಬಾಟಲಿ ತಂದರೂ ಉಪಯೋಗವಿಲ್ಲ, ಅದರ ತೂಕವೇ ಸಾಗಣೆಗೆ ಹೊರೆ.

ಉತ್ತರ 3

ಪೆಟ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಿದೆ, ಇನ್ನು ಚಿಂತೆಯಿಲ್ಲ ಎಂಬ ವಾದವನ್ನು ಆಗಾಗ ಕೇಳುವುದರಿಂದ ಒಂದು ಮಾತು. 2016ರಲ್ಲಿ ಜಪಾನಿನ ವಿಜ್ಞಾನಿಗಳು ವರದಿ ಮಾಡಿದ ಆ ಸೂಕ್ಷ್ಮಜೀವಿಯ ಹೆಸರು ಇಡಿಯೋನೆಲ್ಲಾ ಸಕಾಯೆನ್ಸಿಸ್. 30 ಡಿಗ್ರಿ ಶಾಖದಲ್ಲಿ ತೆಳುವಾದ ಪೆಟ್ ಹಾಳೆಯನ್ನು ಕರಗಿಸಲು ಅದಕ್ಕೆ ಸುಮಾರು ಆರು ವಾರ ಹಿಡಿಯಿತು, ಅದೂ ಸ್ಫಟಿಕತೆ, ಅಂದರೆ ಅಣುಗಳ ಒತ್ತಾದ ಕ್ರಮಬದ್ಧ ಜೋಡಣೆ, ಕಡಿಮೆಯಿದ್ದ ಹಾಳೆ. ಬಾಟಲಿಯ ಪೆಟ್‌ನಲ್ಲಿ ಸ್ಫಟಿಕತೆ ಹೆಚ್ಚಿರುವುದರಿಂದ ಅದು ಇನ್ನೂ ನಿಧಾನವಾಗಿ ಕರಗುತ್ತದೆ. ಸಮುದ್ರ ಸೇರಿದ ಬಾಟಲಿಯಾದರೋ ಬಿಸಿಲು ಮತ್ತು ಅಲೆಗಳ ಹೊಡೆತಕ್ಕೆ ಚೂರಾಗುತ್ತ ಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಬಿಡಿ ಮುಚ್ಚಳಗಳು ತೇಲಿ ದಡ ಸೇರುವುದು ಹೆಚ್ಚಾದ್ದರಿಂದಲೇ ಐರೋಪ್ಯ ಒಕ್ಕೂಟವು 2024ರ ಜುಲೈಯಿಂದ ಮೂರು ಲೀಟರ್‌ವರೆಗಿನ ಪಾನೀಯದ ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕೆಂಬ ನಿಯಮವನ್ನು ಜಾರಿಗೆ ತಂದಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಹಾಗಾದರೆ ಸ್ಟೀಲ್ ಬಾಟಲಿಗೆ ಬದಲಾಗುವುದು ಸರಿಯಾದೀತೇ?

ಉತ್ತರ 2 ಬರೆದವರಿಂದ

ಖಂಡಿತ, ಆದರೆ ಒಂದೇ ಬಾಟಲಿಯನ್ನು ವರ್ಷಗಟ್ಟಲೆ ಬಳಸುವುದಾದರೆ. ಒಂದು ಸ್ಟೀಲ್ ಬಾಟಲಿಯ ತಯಾರಿಕೆಗೆ ಒಂದು ಪೆಟ್ ಬಾಟಲಿಗಿಂತ ಬಹಳ ಹೆಚ್ಚು ಶಕ್ತಿ ಬೇಕಾಗುವುದರಿಂದ, ಬಣ್ಣ ಬೇಸರವಾಯಿತೆಂದು ಆಗಾಗ ಹೊಸದನ್ನು ಕೊಳ್ಳುವವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ.